ಬೆಂಕಿ ಬೀಳುವ ಮುಂಚೆ

ಶಿವರಾತ್ರಿ ಬಂತೆಂದರೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ. ಇದು ನಮ್ಮ ಹಿರಿಯರ ಮಾತು. ಚಳಿ ಹೋಗುವುದು ನಿಜ. ಆದರೆ ಅದು ಬರಿಗೈಲಿ ಹೋಗುವುದಿಲ್ಲ. ಕಾಡಿನ ಪಸೆಯನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ. ಮಳೆಗಾಲದಲ್ಲಿ ಆಳೆತ್ತರ ಬೆಳೆದ ಹುಲ್ಲು ಒಣಗಿ ನಿಲ್ಲುತ್ತದೆ. ತೇಗ, ಮತ್ತಿ, ಹೊನ್ನೆ ಮರಗಳು ಎಲೆ ಉದುರಿಸುತ್ತವೆ. ಕಾಲಿಟ್ಟರೆ ತರಗು ಚರಚರ ಅನ್ನುತ್ತದೆ. ಹಳ್ಳದಲ್ಲಿ ನೀರಿಲ್ಲ. ಮೇಲೆ ಬಿಸಿಲು, ಜೊತೆಗೆ ಗಾಳಿ.

ಇಂಥ ಹೊತ್ತಿನಲ್ಲಿ ಒಂದು ಬೀಡಿ ತುಂಡು ಸಾಕು.

ಕಾಡಂಚಿನ ಊರುಗಳಲ್ಲಿ ಇರುವವರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ. ರಾತ್ರಿ ಹೊತ್ತು ಬೆಟ್ಟಕ್ಕೆ ಹಾರ ಹಾಕಿದ ಹಾಗೆ ಬೆಂಕಿ ಉರಿಯುವುದನ್ನು ನೀವು ಎಷ್ಟೋ ಸಲ ನೋಡಿದ್ದೀರಿ. ಬೆಳಗ್ಗೆ ಎದ್ದರೆ ಅಂಗಳದಲ್ಲಿ ಕಪ್ಪು ಬೂದಿ. "ಕಾಡಿಗೆ ಬೆಂಕಿ ಬಿತ್ತಂತೆ" ಅಂತ ಮಾತಾಡಿಕೊಳ್ಳುತ್ತೇವೆ. ಬಿತ್ತು ಅಂತೀವಿ. ಯಾರೋ ಇಟ್ಟರು ಅನ್ನುವುದಿಲ್ಲ. ಆಮೇಲೆ ನಮ್ಮ ನಮ್ಮ ಕೆಲಸಕ್ಕೆ ಹೋಗುತ್ತೇವೆ.

ಆ ಬೆಂಕಿಯನ್ನು ಆರಿಸುವವರು ಯಾರು? ಹೇಗೆ ಆರಿಸುತ್ತಾರೆ? ಒಂದೇ ದಿನ ನಾಲ್ಕು ಕಡೆ ಬೆಂಕಿ ಎದ್ದರೆ ಮೊದಲು ಎಲ್ಲಿಗೆ ಓಡುತ್ತಾರೆ? ಇದನ್ನೆಲ್ಲ ಈ ಪಾಠದಲ್ಲಿ ತಿಳಿಯೋಣ.

ಬೆಂಕಿ ಎಲ್ಲಿಂದ ಬರುತ್ತದೆ?

ಬಿದಿರಿಗೆ ಬಿದಿರು ಉಜ್ಜಿ ಕಾಡ್ಗಿಚ್ಚು ಹುಟ್ಟುತ್ತದೆ ಅಂತ ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಕೇಳಲು ಚೆನ್ನಾಗಿದೆ. ತಪ್ಪು ಬಿದಿರಿನ ಮೇಲೆ ಹೋಗುತ್ತದೆ, ನಾವು ಬಚಾವ್. ಸಿಡಿಲಿನಿಂದಲೂ ಬೆಂಕಿ ಹತ್ತಬಹುದು. ಆದರೆ ನಮ್ಮ ಕಡೆ ಸಿಡಿಲು ಸಾಮಾನ್ಯವಾಗಿ ಮಳೆಯ ಜೊತೆ ಬರುತ್ತದೆ. ಹತ್ತಿದರೂ ಮಳೆಯೇ ಆರಿಸುತ್ತದೆ. ಅಮೆರಿಕ, ಕೆನಡಾ ದೇಶಗಳಲ್ಲಿ ಮಳೆಯಿಲ್ಲದ ಒಣ ಸಿಡಿಲು ಬಡಿದು ದೊಡ್ಡ ದೊಡ್ಡ ಕಾಡು ಉರಿಯುವುದುಂಟು. ನಮ್ಮಲ್ಲಿ ಹಾಗಲ್ಲ. ನಮ್ಮ ಕಾಡಿನ ಬೆಂಕಿ ಹೆಚ್ಚುಕಡಿಮೆ ಎಲ್ಲವೂ ಮನುಷ್ಯರ ಕೈಯಿಂದ ಬಂದದ್ದೇ.

ಕೈ ಅಂದರೆ ಎಲ್ಲವೂ ಕೆಟ್ಟ ಕೈ ಅಲ್ಲ. ದನ ಮೇಯಿಸುವವರು ಹಳೆ ಹುಲ್ಲು ಸುಟ್ಟರೆ ಹೊಸ ಚಿಗುರು ಬರುತ್ತದೆ ಅಂತ ಇಡುತ್ತಾರೆ. ಜೇನು ಕೀಳುವವರು ಹೊಗೆ ಹಾಕಿ ಕೊಳ್ಳಿಯನ್ನು ಅಲ್ಲೇ ಬಿಟ್ಟು ಬರುತ್ತಾರೆ. ಹೊಲದಲ್ಲಿ ಕಬ್ಬಿನ ರವದಿ ಸುಡುವಾಗ ಗಾಳಿ ತಿರುಗಿ ಬೆಂಕಿ ಬೇಲಿ ಹಾರುತ್ತದೆ. ಪ್ರವಾಸ ಹೋಗುವವರು ರಸ್ತೆ ಪಕ್ಕ ಅಡುಗೆ ಮಾಡಿ ಒಲೆ ಆರಿಸದೆ ಗಾಡಿ ಹತ್ತುತ್ತಾರೆ. ಉದುರಿದ ಜಿಂಕೆ ಕೊಂಬು ಕಣ್ಣಿಗೆ ಬೀಳಲಿ ಅಂತ ತರಗು ಸುಡುವವರೂ ಇದ್ದಾರೆ. ಇನ್ನೊಂದು ಕಾರಣವೂ ಇದೆ. ಅದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಅದೇ ಸಿಟ್ಟು. ಆನೆ ಬಂದು ರಾಗಿ ತುಳಿದು ಹೋಯಿತು. ಹುಲಿ ಹಸು ಹಿಡಿಯಿತು. ಪರಿಹಾರದ ಅರ್ಜಿ ಹಾಕಿ ತಿರುಗಿ ತಿರುಗಿ ಚಪ್ಪಲಿ ಸವೆಯಿತು. ಆ ಸಿಟ್ಟಿಗೆ ಒಂದು ಕಡ್ಡಿ ಗೀರಿದರೆ ಉರಿಯುವುದು ಯಾವ ಸಾಹೇಬರ ಮನೆಯೂ ಅಲ್ಲ. ನಮ್ಮ ಸೌದೆ, ನಮ್ಮ ಜೇನು, ನಮ್ಮ ನೆಲ್ಲಿಕಾಯಿ, ನಮ್ಮ ಹಳ್ಳದ ನೀರು. ಆದರೂ ಒಂದು ಮಾತು ಹೇಳಲೇಬೇಕು. ಬೆಳೆ ಹಾನಿಯ ಪರಿಹಾರ ಬೇಗ ಕೊಟ್ಟರೆ ಅದೂ ಬೆಂಕಿ ಆರಿಸುವ ಕೆಲಸವೇ.

ಬೆಂಕಿಗೆ ಸರ್ವೆ ನಂಬರ್ ಗೊತ್ತಿಲ್ಲ

ಸರ್ಕಾರಿ ಜಾಗ ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಅದರಲ್ಲಿ ಬಗೆಬಗೆ ಇದೆ. ಹುಲಿ ಯೋಜನೆಯ ಕಾಡು ಒಂದು. ರಿಸರ್ವ್ ಫಾರೆಸ್ಟ್ ಇನ್ನೊಂದು. ಊರಿನ ಗೋಮಾಳ ಕಂದಾಯ ಇಲಾಖೆಯದು. ಮಲೆನಾಡಿನ ಕಡೆ ಸೊಪ್ಪಿನಬೆಟ್ಟ ಇದೆ. ಅಡಿಕೆ ತೋಟದವರು ಅಲ್ಲಿಂದ ಸೊಪ್ಪು, ತರಗು ತರುತ್ತಾರೆ. ಇವೆಲ್ಲ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ.

ಗೋಮಾಳದಲ್ಲಿ ಹತ್ತಿದ ಬೆಂಕಿ "ಮುಂದಿನದು ಫಾರೆಸ್ಟಿನವರ ಜಾಗ, ನಾನು ಹೋಗಬಾರದು" ಅಂತ ನಿಲ್ಲುವುದಿಲ್ಲ. ರಾಜ್ಯದ ಗಡಿಯೂ ಅದಕ್ಕೆ ಕಾಣುವುದಿಲ್ಲ. ಬಂಡೀಪುರದ ಕಾಡನ್ನೇ ನೋಡಿ. ಒಂದು ಕಡೆ ಅದು ತಮಿಳುನಾಡಿನ ಮುದುಮಲೆ ಕಾಡಿಗೆ ಸೇರುತ್ತದೆ. ಇನ್ನೊಂದು ಕಡೆ ಕೇರಳದ ವಯನಾಡು. ಕಬಿನಿ ಹಿನ್ನೀರಿನ ಆಚೆ ನಾಗರಹೊಳೆ. ನಕ್ಷೆಯಲ್ಲಿ ನಾಲ್ಕು ಹೆಸರು, ನೆಲದ ಮೇಲೆ ಒಂದೇ ಕಾಡು. ಹಾಗಾಗಿ ಬೆಂಕಿ ಕಾಲದಲ್ಲಿ ಮೂರೂ ರಾಜ್ಯದ ಸಿಬ್ಬಂದಿ ಒಬ್ಬರಿಗೊಬ್ಬರು ಸುದ್ದಿ ಕೊಡಬೇಕು. ಕಂದಾಯ ಇಲಾಖೆ, ಪೊಲೀಸು, ಅಗ್ನಿಶಾಮಕ ದಳ, ಗ್ರಾಮ ಪಂಚಾಯಿತಿ ಎಲ್ಲರೂ ಕೈ ಹಾಕಬೇಕು. ನಮ್ಮ ಜಾಗ, ನಿಮ್ಮ ಜಾಗ ಅಂತ ಫೋನಿನಲ್ಲಿ ಜಗಳ ಆಡುತ್ತ ಕುಳಿತರೆ ಅಷ್ಟರಲ್ಲಿ ಒಂದು ಗುಡ್ಡ ಉರಿದಿರುತ್ತದೆ.

ಬಂಡೀಪುರದ ಆ ಐದು ದಿನ

2019ರ ಫೆಬ್ರವರಿ ತಿಂಗಳು. ಅದರ ಹಿಂದಿನ ವರ್ಷ ಮುಂಗಾರು ಚೆನ್ನಾಗಿ ಹಿಡಿದಿತ್ತು. ಹುಲ್ಲು ಸೊಂಪಾಗಿ ಬೆಳೆದಿತ್ತು. ಆಮೇಲೆ ಹಿಂಗಾರು ಕೈಕೊಟ್ಟಿತು. ಬೆಳೆದದ್ದೆಲ್ಲ ಒಣಗಿತು. ಒಳ್ಳೆ ಮಳೆಯೇ ಬೇಸಿಗೆಯಲ್ಲಿ ಸೌದೆಯಾಗುವ ಬಗೆ ಇದು.

ಫೆಬ್ರವರಿ 21ರ ಹೊತ್ತಿಗೆ ಬೆಂಕಿ ಕಾಣಿಸಿಕೊಂಡಿತು. ಕುಂದಕೆರೆ, ಗೋಪಾಲಸ್ವಾಮಿ ಬೆಟ್ಟದ ವಲಯಗಳಲ್ಲಿ ಹಬ್ಬಿತು. 23ನೇ ತಾರೀಕು ಶನಿವಾರ ಗಾಳಿ ಜೋರಾಯಿತು. ಒಂದು ಕಡೆ ಆರಿಸಿದರೆ ಇನ್ನೊಂದು ಕಡೆ ಏಳುತ್ತಿತ್ತು. ಗೋಪಾಲಸ್ವಾಮಿ ಬೆಟ್ಟ ನೋಡಿದವರಿಗೆ ಗೊತ್ತು, ಅಲ್ಲಿ ಹುಲ್ಲಿನ ಇಳಿಜಾರುಗಳೇ ಜಾಸ್ತಿ. ಹುಲ್ಲಿಗೆ ಹತ್ತಿದ ಬೆಂಕಿ ಓಡುತ್ತದೆ, ನಡೆಯುವುದಿಲ್ಲ. ಅದೇ ಶನಿವಾರ ಬೆಂಗಳೂರಿನ ಯಲಹಂಕದಲ್ಲಿ ವಿಮಾನ ಪ್ರದರ್ಶನ ನಡೆಯುತ್ತಿತ್ತು. ಅಲ್ಲಿ ಕಾರು ನಿಲ್ಲಿಸಿದ್ದ ಬಯಲಿನ ಒಣಹುಲ್ಲಿಗೆ ಬೆಂಕಿ ತಗುಲಿ ಸುಮಾರು 300 ಕಾರು ಸುಟ್ಟುಹೋದವು. ಒಣಹುಲ್ಲಿನ ಶಕ್ತಿ ಎಷ್ಟು ಅಂತ ಆ ಒಂದೇ ದಿನ ಕಾಡಿನವರಿಗೂ ಗೊತ್ತಾಯಿತು, ಪೇಟೆಯವರಿಗೂ ಗೊತ್ತಾಯಿತು.

ಬಂಡೀಪುರದಲ್ಲಿ ಅರಣ್ಯ ಇಲಾಖೆಯವರ ಜೊತೆ ಹಾಡಿಯ ಜನ ಕೈಜೋಡಿಸಿದರು. ಮೈಸೂರು, ಬೆಂಗಳೂರಿನಿಂದ ನೂರಾರು ಜನ ಸ್ವಂತ ಇಷ್ಟದಿಂದ ಬಂದರು. 25ನೇ ತಾರೀಕು ವಾಯುಪಡೆಯ ಎಂಐ-17 ಹೆಲಿಕಾಪ್ಟರುಗಳು ಬಂದವು. ಹೊಟ್ಟೆಯ ಕೆಳಗೆ ದೊಡ್ಡ ಬಕೆಟ್ಟು ತೂಗುಬಿಟ್ಟು, ನೀರು ತುಂಬಿ ತಂದು ಮೇಲಿನಿಂದ ಸುರಿದವು. ಆಮೇಲೆ ಉಪಗ್ರಹದ ಚಿತ್ರ ನೋಡಿ ಲೆಕ್ಕ ಹಾಕಿದರು. ಸುಟ್ಟ ಜಾಗ ಸುಮಾರು 10,900 ಎಕರೆ.

ಆ ದಿನಗಳಲ್ಲಿ ಮೊಬೈಲಿನಲ್ಲಿ ಸುಟ್ಟ ಮೊಲ, ಸುಟ್ಟ ಕೋತಿಯ ಚಿತ್ರಗಳು ಹರಿದಾಡಿದವು. ಅವುಗಳಲ್ಲಿ ಕೆಲವು ಬೇರೆ ಯಾವುದೋ ದೇಶದ ಹಳೆ ಚಿತ್ರಗಳು. ಆನೆ, ಹುಲಿ, ಜಿಂಕೆಯಂಥ ಪ್ರಾಣಿಗಳು ಬೆಂಕಿ ವಾಸನೆ ಬಂದ ಕೂಡಲೇ ದೂರ ಹೋಗಬಲ್ಲವು. ಸಾಯುವುದು ಓಡಲಾರದವು. ಆಮೆ, ಹಾವು, ಹಲ್ಲಿ, ನೆಲದ ಮೇಲಿನ ಗೂಡು, ಮೊಟ್ಟೆ, ಮರಿ. ಈಗ ತಾನೇ ಮೊಳೆತ ಸಸಿ. ಅವುಗಳ ಫೋಟೋ ಯಾರೂ ಕಳಿಸುವುದಿಲ್ಲ.

ಆರಿಸಲು ಹೋದವರೂ ಸತ್ತಿದ್ದಾರೆ. 2017ರ ಫೆಬ್ರವರಿಯಲ್ಲಿ ಇದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಒಬ್ಬ ಅರಣ್ಯ ರಕ್ಷಕರು ಬೆಂಕಿಗೆ ಸಿಕ್ಕಿ ತೀರಿಕೊಂಡರು. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಬೆಟ್ಟದ ಕಾಡಿನಲ್ಲಿ ಇನ್ನೊಬ್ಬರು. ಇಬ್ಬರೂ ಕೆಲಸದ ಮೇಲೆ ಇದ್ದವರು.

ಬೆಂಕಿಯ ನಡೆ

ಬೆಂಕಿಗೆ ಮೂರು ಬೇಕು. ಉರಿಯಲು ಸೌದೆ, ಉಸಿರಾಡಲು ಗಾಳಿ, ಹತ್ತಿಕೊಳ್ಳಲು ಬಿಸಿ. ಒಂದನ್ನು ತೆಗೆದರೂ ಬೆಂಕಿ ಸಾಯುತ್ತದೆ. ನಮ್ಮ ಮನೆಯ ಒಲೆಯ ಲೆಕ್ಕವೇ ಇದು. ಸೌದೆ ಹಿಂದಕ್ಕೆ ಎಳೆದರೆ ಉರಿ ತಗ್ಗುತ್ತದೆ ತಾನೆ? ಕಾಡಿನಲ್ಲಿ ಗಾಳಿಯನ್ನು ಯಾರೂ ಹಿಡಿಯಲಾರರು. ಬೇಸಿಗೆಯಲ್ಲಿ ಬೆಟ್ಟದ ಮೇಲೆ ನೀರೂ ಸಿಗುವುದಿಲ್ಲ. ಉಳಿದದ್ದು ಸೌದೆ ಎಳೆಯುವುದು. ಕಾಡಿನ ಬೆಂಕಿ ಆರಿಸುವ ಕೆಲಸವೆಲ್ಲ ಬಹುಪಾಲು ಇದೇ.

ಬೆಂಕಿ ಇಳಿಜಾರಿನಲ್ಲಿ ಮೇಲಕ್ಕೆ ಬೇಗ ಹತ್ತುತ್ತದೆ. ಕೆಳಗಿನ ಉರಿ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸಿಬಿಡುತ್ತದೆ. ಆದ್ದರಿಂದ ಬೆಂಕಿಗೆ ಹೆದರಿ ಗುಡ್ಡದ ಮೇಲಕ್ಕೆ ಓಡಬಾರದು. ಮನುಷ್ಯ ಏರಿನಲ್ಲಿ ನಿಧಾನ, ಬೆಂಕಿ ಏರಿನಲ್ಲಿ ಚುರುಕು. 2018ರ ಮಾರ್ಚ್ ತಿಂಗಳಲ್ಲಿ ತಮಿಳುನಾಡಿನ ಥೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರನ್ನು ಹುಲ್ಲಿನ ಬೆಂಕಿ ಸುತ್ತಿಕೊಂಡಿತು. 20ಕ್ಕೂ ಹೆಚ್ಚು ಜನ ಸತ್ತರು. ಬಹಳ ಮಂದಿ ಎಳೆಯ ವಯಸ್ಸಿನವರು.

ಹೊತ್ತಿನ ಲೆಕ್ಕವೂ ಉಂಟು. ಬೆಳಗಿನ ಜಾವ ಇಬ್ಬನಿ ಇರುತ್ತದೆ, ಗಾಳಿ ಕಡಿಮೆ. ಬೆಂಕಿ ಮಂಕಾಗಿರುತ್ತದೆ. ಮಟಮಟ ಮಧ್ಯಾಹ್ನದಿಂದ ಸಂಜೆ ನಾಲ್ಕರವರೆಗೆ ಅದಕ್ಕೆ ಮೈಯೆಲ್ಲ ಕಾಲು. ಅನುಭವ ಇದ್ದವರು ಬೆಳಗಿನ ಜಾವವೇ ಕೆಲಸ ಮುಗಿಸಲು ನೋಡುತ್ತಾರೆ.

ಬೆಂಕಿ ರೇಖೆ

ಹಾಗಾದರೆ ಕೆಲಸ ಶುರುವಾಗುವುದು ಬೆಂಕಿ ಬಿದ್ದ ದಿನವೋ? ಅಲ್ಲ. ಅದಕ್ಕೂ ಎರಡು ಮೂರು ತಿಂಗಳು ಮೊದಲು. ಡಿಸೆಂಬರ್, ಜನವರಿಯಲ್ಲಿ ಹುಲ್ಲು ಇನ್ನೂ ಅರೆಹಸಿ ಇರುತ್ತದೆ. ಆಗ ಕಾಡಿನ ಗಡಿಗುಂಟ, ರಸ್ತೆಯ ಎರಡೂ ಬದಿ, ಕಾಡಿನೊಳಗಿನ ಜೀಪು ದಾರಿಗುಂಟ ಹುಲ್ಲು, ಪೊದೆ ಕಡಿದು ಪಟ್ಟಿ ಬಿಡಿಸುತ್ತಾರೆ. ಕಡಿದದ್ದು ಒಣಗಿದ ಮೇಲೆ ಗಾಳಿ ಇಲ್ಲದ ಹೊತ್ತು ನೋಡಿ, ಸುತ್ತ ಜನ ನಿಂತು, ಕಾವಲು ಇಟ್ಟು ಸುಡುತ್ತಾರೆ. ಇದಕ್ಕೆ ಬೆಂಕಿ ರೇಖೆ ಅನ್ನುತ್ತಾರೆ. ಫೈರ್‌ಲೈನ್ ಅಂದರೂ ಇದೇ.

ಕಾಡನ್ನು ಹೀಗೆ ಚೌಕ ಚೌಕವಾಗಿ ಬೇರೆ ಮಾಡಿಟ್ಟರೆ ಒಂದು ಚೌಕಕ್ಕೆ ಬಿದ್ದ ಬೆಂಕಿ ಪಕ್ಕದ ಚೌಕಕ್ಕೆ ಹೋಗಲು ಕಷ್ಟ. ಪಟ್ಟಿಯಲ್ಲಿ ಉರಿಯಲು ಏನೂ ಇಲ್ಲವಲ್ಲ! ಆದರೆ ಗಾಳಿ ಜೋರಾಗಿದ್ದರೆ ಕಿಡಿ ಪಟ್ಟಿಯನ್ನೂ ಹಾರಿ ಬೀಳುತ್ತದೆ. ಅದಕ್ಕೇ ರೇಖೆ ಇದ್ದರೆ ಸಾಲದು, ಕಾಯುವ ಜನವೂ ಬೇಕು.

ಈ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಹೆಲಿಕಾಪ್ಟರ್ ಬಂದರೆ ಟಿವಿಯವರು ಬರುತ್ತಾರೆ. ಜನವರಿಯಲ್ಲಿ ಕುಡುಗೋಲು ಹಿಡಿದು ಹುಲ್ಲು ಸವರುವವರನ್ನು ನೋಡಲು ಯಾರೂ ಬರುವುದಿಲ್ಲ. ಆದರೆ ನಮ್ಮನ್ನು ಕೇಳಿದರೆ, ಜನವರಿಯ ಹಣ ಜನವರಿಯಲ್ಲೇ ಬಂದು, ಆ ಕೆಲಸ ಸರಿಯಾಗಿ ಮುಗಿದರೆ ಹೆಲಿಕಾಪ್ಟರಿನ ಕೆಲಸ ಎಷ್ಟೋ ತಪ್ಪುತ್ತದೆ.

ಒಬ್ಬ ಬೆಂಕಿ ಕಾವಲುಗಾರ

ಬೇಸಿಗೆಯ ಮೂರು ನಾಲ್ಕು ತಿಂಗಳಿಗೆ ಅಂತ ಕಾಡಂಚಿನ ಊರುಗಳಿಂದ, ಹಾಡಿಗಳಿಂದ, ಪೋಡುಗಳಿಂದ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಇವರೇ ಬೆಂಕಿ ಕಾವಲುಗಾರರು. ಫೈರ್ ವಾಚರ್ ಅಂತಲೂ ಕರೆಯುತ್ತಾರೆ. ನಾವು ಕಾಡಂಚಿನ ಒಂದು ಊರಿನಲ್ಲಿ ಇಂಥ ಒಬ್ಬರ ಮನೆಗೆ ಹೋಗಿದ್ದೆವು. ವಯಸ್ಸು ಐವತ್ತರ ಹತ್ತಿರ. ಮುಂಗೈ ಮೇಲೆ ಸುಟ್ಟ ಹಳೆ ಕಲೆ.

"ಎಷ್ಟು ವರ್ಷದಿಂದ ಹೋಗ್ತಿದ್ದೀರಣ್ಣ?" ಅಂತ ಕೇಳಿದೆವು.

"ಲೆಕ್ಕ ಇಟ್ಟಿಲ್ಲ ಸ್ವಾಮಿ. ನಮ್ಮಪ್ಪನೂ ಹೋಗ್ತಿದ್ರು."

"ಏನು ಹಿಡ್ಕೊಂಡು ಹೋಗ್ತೀರಿ?"

"ಮಚ್ಚು, ಒಂದು ಬಾಟ್ಲಿ ನೀರು. ಬೆಂಕಿ ಹತ್ರ ಹೋದ್ಮೇಲೆ ಹಸಿ ಸೊಪ್ಪು ಮುರ್ಕೋತೀವಿ. ಈಗ ಗಾಳಿ ಊದೋ ಮಿಷನ್ನು ಬಂದದೆ. ಅದು ತರಗು ದೂರ ತಳ್ತದೆ. ಆದ್ರೆ ಮಿಷನ್ನು ಒಂದು, ಬೆಂಕಿ ಉದ್ದ."

ಅವರ ಹೆಂಡತಿ ಒಳಗಿನಿಂದ ನೀರು ತಂದುಕೊಟ್ಟು ನಕ್ಕರು. "ಬೇಸಿಗೆ ಬಂದ್ರೆ ಇವ್ರು ನಮ್ಮನೆ ಗಂಡ್ಸಲ್ಲ ಕನಕ್ಕ. ಕಾಡಿನ ಗಂಡ್ಸು" ಅಂದರು.

ಅವರು ಹೇಳಿದ ಕೆಲಸದ ಬಗೆ ಹೀಗಿದೆ. ಬೆಂಕಿಯ ಎದುರಿಗೆ ನೇರವಾಗಿ ಯಾರೂ ನಿಲ್ಲುವುದಿಲ್ಲ. ಎರಡೂ ಪಕ್ಕದಿಂದ ಸೇರುತ್ತಾರೆ. ಸುಟ್ಟು ಕಪ್ಪಾದ ಕಡೆ ಕಾಲಿಟ್ಟುಕೊಂಡು ಹಸಿ ಸೊಪ್ಪಿನಿಂದ ಅಂಚನ್ನು ಬಡಿಯುತ್ತಾರೆ. ಸುಟ್ಟ ಜಾಗದಲ್ಲಿ ಮತ್ತೆ ಉರಿಯಲು ಏನೂ ಇರುವುದಿಲ್ಲ, ಹಾಗಾಗಿ ಅದೇ ಸುರಕ್ಷಿತ. ಬಡಿಯುವಾಗ ಸೊಪ್ಪನ್ನು ಮೇಲಕ್ಕೆ ಎತ್ತಿ ಬೀಸಿದರೆ ಕಿಡಿ ಹಾರುತ್ತದೆ. ಒತ್ತಿ ಎಳೆಯಬೇಕು. ಒಬ್ಬರು ದೂರ ನಿಂತು ಗಾಳಿ ಯಾವ ಕಡೆ ತಿರುಗುತ್ತಿದೆ ಅಂತ ನೋಡುತ್ತಿರಬೇಕು. ಓಡುವ ದಾರಿ ಮೊದಲೇ ಗೊತ್ತಿರಬೇಕು. ನೈಲಾನ್ ಬಟ್ಟೆ ಹಾಕಬಾರದು. ಅದು ಕರಗಿ ಮೈಗೆ ಅಂಟುತ್ತದೆ. ಹತ್ತಿ ಬಟ್ಟೆಯೇ ಆಗಬೇಕು.

ಬೆಂಕಿ ತೀರ ದೊಡ್ಡದಾದರೆ ಎದುರು ಬೆಂಕಿ ಕೊಡುತ್ತಾರೆ. ಅಂದರೆ ಬರುತ್ತಿರುವ ಬೆಂಕಿಗೆ ಮುಂದೆ, ರಸ್ತೆಯದೋ ಹಳ್ಳದದೋ ಆಸರೆ ಹಿಡಿದು, ತಾವೇ ಬೆಂಕಿ ಇಟ್ಟು ಅದರ ಕಡೆಗೆ ಕಳಿಸುವುದು. ಎರಡೂ ಸೇರಿದ ಕಡೆ ಸುಡಲು ಏನೂ ಉಳಿಯದೆ ಎರಡೂ ಸಾಯುತ್ತವೆ. ಮುಳ್ಳನ್ನು ಮುಳ್ಳಿನಿಂದ ತೆಗೆದ ಹಾಗೆ. ಆದರೆ ಇದು ಪಳಗಿದ ಕೈಯ ಕೆಲಸ. ಗಾಳಿ ತಿರುಗಿದರೆ ಒಂದು ಬೆಂಕಿ ಇದ್ದದ್ದು ಎರಡಾಗುತ್ತದೆ. ನಾವು ನೀವು ಇದಕ್ಕೆ ಕೈ ಹಾಕಬಾರದು.

ಇಂಥ ಕೆಲಸ ಮಾಡುವವರಿಗೆ ಕೂಲಿ ತಿಂಗಳಿಗೆ ಸರಿಯಾಗಿ ಬರಬೇಕು. ಒಳ್ಳೆ ಬೂಟು, ವಿಮೆ, ಕಾಡಿನೊಳಗೆ ಊಟ ನೀರು ಸಿಗಬೇಕು. ಇದನ್ನು ಕೇಳುವುದು ದಾನ ಕೇಳಿದಂತೆ ಅಲ್ಲ.

ಒಂದೇ ದಿನ ನಾಲ್ಕು ಕಡೆ

ಮಾರ್ಚ್ ತಿಂಗಳಲ್ಲಿ ಕೆಲವು ದಿನ ಹೀಗಾಗುತ್ತದೆ. ಜನ ಕಡಿಮೆ, ಜೀಪು ಕಡಿಮೆ, ಬೆಂಕಿ ಜಾಸ್ತಿ. ಆಗ ಎಲ್ಲಿಗೆ ಮೊದಲು?

ಸುದ್ದಿ ಎರಡು ಬಗೆಯಲ್ಲಿ ಬರುತ್ತದೆ. ಒಂದು, ಎತ್ತರದ ಕಾವಲು ಗೋಪುರದ ಮೇಲೆ ಕುಳಿತವರ ಕಣ್ಣು. ಹೊಗೆ ಕಂಡ ಕೂಡಲೇ ವಾಕಿಟಾಕಿಯಲ್ಲಿ ತಿಳಿಸುತ್ತಾರೆ. ಇನ್ನೊಂದು, ಆಕಾಶದ ಕಣ್ಣು. ಉಪಗ್ರಹಗಳು ನಮ್ಮ ಕಾಡಿನ ಮೇಲೆ ದಿನಕ್ಕೆ ಕೆಲವು ಸಲ ಹಾದುಹೋಗುತ್ತವೆ. ನೆಲದಲ್ಲಿ ಅತಿಯಾದ ಬಿಸಿ ಇದ್ದರೆ ಗುರುತಿಸುತ್ತವೆ. ಡೆಹ್ರಾಡೂನಿನಲ್ಲಿ ಭಾರತೀಯ ಅರಣ್ಯ ಸರ್ವೇಕ್ಷಣ ಎಂಬ ಸಂಸ್ಥೆ ಇದೆ. ಅದು 2004ರಿಂದ ಈ ಸುದ್ದಿಯನ್ನು ರಾಜ್ಯಗಳಿಗೆ ಕಳಿಸುತ್ತಿದೆ. ಈಗ ಅದು ನೇರವಾಗಿ ಮೊಬೈಲಿಗೇ ಬರುತ್ತದೆ. ಆದರೆ ಉಪಗ್ರಹ ಇಪ್ಪತ್ತನಾಲ್ಕು ಗಂಟೆಯೂ ತಲೆಯ ಮೇಲೆ ನಿಂತಿರುವುದಿಲ್ಲ. ಅದು ಬರುವ ಮುಂಚೆ ಹತ್ತಿದ ಸಣ್ಣ ಬೆಂಕಿ ಅದಕ್ಕೆ ಕಾಣುವುದಿಲ್ಲ. ದನ ಕಾಯುವ ಹುಡುಗನ ಕಣ್ಣಿಗೆ ಕಾಣುತ್ತದೆ. ಸಣ್ಣದಿದ್ದಾಗ ನಾಲ್ಕು ಜನ ಆರಿಸಬಹುದಾದ ಬೆಂಕಿ ಒಂದು ಗಂಟೆ ಬಿಟ್ಟರೆ ನಲವತ್ತು ಜನಕ್ಕೂ ಬಗ್ಗುವುದಿಲ್ಲ.

ಸುದ್ದಿ ಬಂದ ಮೇಲೆ ಆಯ್ಕೆ. ಊರು, ಹಾಡಿ, ಶಾಲೆ ಹತ್ತಿರ ಇದ್ದರೆ ಅದೇ ಮೊದಲು. ಜನರ ಜೀವಕ್ಕಿಂತ ದೊಡ್ಡದು ಇಲ್ಲ. ಆಮೇಲೆ ಗಾಳಿ ಯಾವ ಕಡೆ, ಮುಂದೆ ಏನಿದೆ ಅಂತ ನೋಡುತ್ತಾರೆ. ಒಂದು ಬೆಂಕಿಯ ಮುಂದೆ ಅಗಲವಾದ ಬೆಂಕಿ ರೇಖೆ ಇದೆ, ಅದು ಅಲ್ಲಿಗೆ ಬಂದು ತಾನೇ ನಿಲ್ಲಬಹುದು ಅಂತಿಟ್ಟುಕೊಳ್ಳಿ. ಇನ್ನೊಂದು ಚಿಕ್ಕದು, ಆದರೆ ಅದರ ಮೇಲೆ ಕಡಿದಾದ ಹುಲ್ಲಿನ ಗುಡ್ಡ ಇದೆ. ಆಗ ದೊಡ್ಡದನ್ನು ಇಬ್ಬರ ಕಾವಲಿಗೆ ಬಿಟ್ಟು, ಉಳಿದವರು ಚಿಕ್ಕದರ ಕಡೆ ಓಡುತ್ತಾರೆ. ದೂರದಿಂದ ನೋಡುವ ನಮಗೆ "ಅಷ್ಟು ದೊಡ್ಡ ಬೆಂಕಿ ಬಿಟ್ಟು ಹೋದರಲ್ಲ" ಅನ್ನಿಸಬಹುದು. ಬಯ್ಯುವ ಮುಂಚೆ ಒಂದು ಸಲ ಗಾಳಿ ನೋಡೋಣ.

ತರಗು ಬೆಂಕಿಯ ಮಾತು

ಈಗ ಒಂದು ಕಷ್ಟದ ಪ್ರಶ್ನೆ. ಎಲ್ಲ ಬೆಂಕಿಯೂ ಕೆಟ್ಟದ್ದೋ?

ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಕೇಳಿದರೆ ಬೇರೆಯೇ ಮಾತು ಹೇಳುತ್ತಾರೆ. ಅವರ ಹಿರಿಯರು ಬೇಸಿಗೆ ಬಲಿಯುವ ಮೊದಲೇ, ಎಲೆ ಉದುರಿದ ಹೊಸದರಲ್ಲೇ, ನೆಲದ ತರಗಿಗೆ ಬೆಂಕಿ ಕೊಡುತ್ತಿದ್ದರು. ಇದಕ್ಕೆ ತರಗು ಬೆಂಕಿ ಅಂತ ಹೆಸರು. ಅದು ಮೊಣಕಾಲೆತ್ತರ ಏಳದೆ ತಣ್ಣಗೆ ಹರಿದು ಹೋಗುತ್ತಿತ್ತು. ತರಗು ಸುಡುತ್ತಿತ್ತು, ಮರ ಉಳಿಯುತ್ತಿತ್ತು. ವರ್ಷ ವರ್ಷ ಹೀಗೆ ಸುಟ್ಟರೆ ದೊಡ್ಡ ಬೆಂಕಿಗೆ ಸೌದೆ ಕೂಡುವುದಿಲ್ಲ ಅನ್ನುವುದು ಅವರ ತಿಳಿವಳಿಕೆ.

1974ರಲ್ಲಿ ಆ ಬೆಟ್ಟ ವನ್ಯಜೀವಿ ಧಾಮ ಆಯಿತು. ತರಗು ಬೆಂಕಿ ನಿಂತಿತು. ಆಮೇಲೆ ಕಾಡಿನೊಳಗೆ ಲಂಟಾನ ಹಬ್ಬಿತು. ಚದುರಂಗಿ ಅಂತಲೂ ಕರೆಯುವ ಮುಳ್ಳಿನ ಪೊದೆ ಅದು. ಸುಮಾರು ಇನ್ನೂರು ವರ್ಷದ ಹಿಂದೆ ಚಂದದ ಹೂವು ಅಂತ ಹೊರದೇಶದಿಂದ ತಂದದ್ದು. ತೋಟದಲ್ಲಿ ಇರಬೇಕಾದದ್ದು ಕಾಡನ್ನೇ ನುಂಗಿತು. ಒಣಗಿದ ಲಂಟಾನ ಬೆಂಕಿಗೆ ಏಣಿ ಇದ್ದ ಹಾಗೆ. ನೆಲದಲ್ಲಿ ಹರಿಯುವ ಬೆಂಕಿ ಅದನ್ನು ಹಿಡಿದು ಮರದ ತಲೆಗೆ ಏರುತ್ತದೆ. ತರಗು ಬೆಂಕಿ ನಿಂತದ್ದೇ ಲಂಟಾನ ಹೆಚ್ಚಲು ಒಂದು ಕಾರಣ ಅಂತ ಸೋಲಿಗರು ಹೇಳುತ್ತಾರೆ. ಅಲ್ಲಿ ಅಧ್ಯಯನ ಮಾಡಿದ ವಿಜ್ಞಾನಿಗಳೂ ಈ ಮಾತನ್ನು ತಳ್ಳಿಹಾಕುವುದಿಲ್ಲ.

ಅಮೆರಿಕದಲ್ಲೂ ಇಂಥದೇ ಕಥೆ. 1935ರಲ್ಲಿ ಅಲ್ಲಿನ ಅರಣ್ಯ ಇಲಾಖೆ ಒಂದು ನಿಯಮ ಮಾಡಿತು. ಎಲ್ಲೇ ಬೆಂಕಿ ಕಂಡರೂ ಮಾರನೇ ದಿನ ಬೆಳಗ್ಗೆ 10 ಗಂಟೆಯೊಳಗೆ ಹತೋಟಿಗೆ ತರಬೇಕು ಅಂತ. ಸಣ್ಣ ಬೆಂಕಿಯನ್ನೆಲ್ಲ ಆರಿಸುತ್ತ ಬಂದರು. ಕಾಡಿನಲ್ಲಿ ಸೌದೆ ಕೂಡುತ್ತ ಬಂತು. 1970ರ ದಶಕದಲ್ಲಿ ಆ ನಿಯಮ ಬಿಟ್ಟರು. ಈಗ ಅವರೇ ಒಳ್ಳೆ ಹೊತ್ತು ನೋಡಿ ಬೇಕೆಂದೇ ಸುಡುತ್ತಾರೆ.

ಹಾಗಂತ ನಾಳೆ ನಾವು ಕಡ್ಡಿಪೆಟ್ಟಿಗೆ ಹಿಡಿದು ಹೊರಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಧಾಮದೊಳಗೆ ಬೆಂಕಿ ಇಡುವುದು ಅಪರಾಧ. ಇನ್ನೊಂದು ವಿಷಯವೂ ಇದೆ. ಈಗ ಲಂಟಾನ ತುಂಬಿರುವ ಕಾಡಿಗೆ ಹಳೆ ಕಾಲದ ತರಗು ಬೆಂಕಿ ಕೊಟ್ಟರೆ ಅದು ತಣ್ಣಗೆ ಹರಿಯುವುದಿಲ್ಲ, ಏಣಿ ಹತ್ತುತ್ತದೆ. ಮೊದಲು ಲಂಟಾನ ಕೀಳಬೇಕು. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಲಂಟಾನ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡುತ್ತಾರೆ. ನಿಜವಾದ ಆನೆಯಷ್ಟೇ ದೊಡ್ಡ ಆನೆಗಳನ್ನೂ ಮಾಡಿದ್ದಾರೆ! 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಸಿಕ್ಕಿತು. ಎಲ್ಲಿ, ಯಾವಾಗ, ಎಷ್ಟು ಸುಡಬೇಕು ಅನ್ನುವ ಮಾತು ಬಂದಾಗ ಅಧಿಕಾರಿಗಳು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಬೇಕು ಅನ್ನುವುದು ನಮ್ಮ ಅಭಿಪ್ರಾಯ.

ನಮ್ಮ ಊರಿನ ಕೆಲಸ

ಜನವರಿಯಲ್ಲಿ ಗ್ರಾಮಸಭೆ ಕರೆದಾಗ ಬೆಂಕಿಯ ವಿಷಯ ಎತ್ತಿ. ಗ್ರಾಮ ಅರಣ್ಯ ಸಮಿತಿ ಇದ್ದರೆ ಅಲ್ಲಿಯೂ ಕೇಳಿ. ನಮ್ಮ ಗೋಮಾಳದ ಅಂಚಿಗೆ ಬೆಂಕಿ ರೇಖೆ ಆಗಿದೆಯೇ? ಯಾರು ಮಾಡುತ್ತಾರೆ? ಕಾವಲುಗಾರರು ಯಾರು? ಬೀಟ್ ಗಾರ್ಡ್ ಫೋನ್ ನಂಬರ್ ಏನು? ಅಕ್ಷರ ಕಲಿತವರು ಆ ನಂಬರನ್ನು ಶಾಲೆ ಗೋಡೆಯ ಮೇಲೆ, ಹಾಲಿನ ಡೇರಿಯ ಬಾಗಿಲ ಮೇಲೆ ದೊಡ್ಡದಾಗಿ ಬರೆಯಿರಿ. ಅರಣ್ಯ ಸಹಾಯವಾಣಿ 1926. ತುರ್ತು ಸಹಾಯಕ್ಕೆ 112. ಫೋನ್ ಮಾಡಿದಾಗ "ಬೆಂಕಿ ಬಿದ್ದಿದೆ ಬನ್ನಿ" ಅಂದರೆ ಸಾಲದು. ಯಾವ ಊರು, ಯಾವ ಗುಡ್ಡ, ಯಾವ ಕೆರೆ ಹತ್ತಿರ, ಗಾಳಿ ಯಾವ ಕಡೆ ಬೀಸುತ್ತಿದೆ, ಜೀಪು ಎಲ್ಲಿವರೆಗೆ ಬರುತ್ತದೆ, ಇಷ್ಟು ಹೇಳಿ.

ರವದಿ, ಕಳೆ ಸುಡುವುದೇ ಆದರೆ ಬೆಳಗ್ಗೆ ಸುಡಿ. ಸುತ್ತ ನೇಗಿಲ ಗೆರೆ ಎಳೆಯಿರಿ. ಬಿಂದಿಗೆಯಲ್ಲಿ ನೀರು ಇಟ್ಟುಕೊಳ್ಳಿ. ಆರುವ ತನಕ ಅಲ್ಲೇ ಇರಿ. ಮಕ್ಕಳನ್ನು ಬೆಂಕಿ ನೋಡಲು ಕಳಿಸಬೇಡಿ.

ಬೆಂಕಿ ಆರಿತು ಅಂತ ಎಲ್ಲರೂ ಮನೆಗೆ ಹೋದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಅದನ್ನು ಆ ಕಾವಲುಗಾರ ಅಣ್ಣನೇ ನಮಗೆ ತೋರಿಸಿದರು. ಸುಟ್ಟ ಜಾಗದಲ್ಲಿ ಒಂದು ಮರದ ಬುಡದ ಹತ್ತಿರ ಕುಕ್ಕರಗಾಲಲ್ಲಿ ಕುಳಿತರು. ಅಂಗೈ ಅಲ್ಲ, ಹಿಂಗೈಯನ್ನು ಬುಡದ ಹತ್ತಿರ ಹಿಡಿದರು. ಹೊಗೆ ಕಾಣುತ್ತಿರಲಿಲ್ಲ. ಆದರೆ ಬಿಸಿ ಇತ್ತು. ಒಣಗಿದ ಬುಡದೊಳಗೆ, ಆನೆ ಲದ್ದಿಯೊಳಗೆ ಕೆಂಡ ಹೀಗೆ ಸುಮ್ಮನೆ ಕೂತಿರುತ್ತದೆ. ಮಧ್ಯಾಹ್ನದ ಗಾಳಿಗೆ ಎದ್ದುಬಿಡುತ್ತದೆ. ಅವರು ಮಚ್ಚಿನಿಂದ ಬುಡ ಕೆದಕಿ, ಕೆಂಡ ಹೊರಗೆಳೆದು, ಮಣ್ಣು ಹಾಕಿ ತುಳಿದರು. ಮತ್ತೆ ಹಿಂಗೈ ಹಿಡಿದು ನೋಡಿದರು. ಆಮೇಲೆ ಮುಂದಿನ ಬುಡ. ಅವತ್ತು ಹೀಗೆ ಎಷ್ಟು ಬುಡ ನೋಡಿದರೋ ನಾವು ಎಣಿಸಲಿಲ್ಲ.

"ಯಾವಾಗ ಮುಗಿಯುತ್ತಣ್ಣ ಈ ಕೆಲಸ?" ಅಂದೆವು.

"ಮಳೆ ಬಂದ ದಿನ" ಅಂದರು.

ಏಪ್ರಿಲ್ ಕೊನೆಯಲ್ಲಿ ಮಳೆ ಬಂತು. ಅವತ್ತು ಏನು ಮಾಡಿದಿರಿ ಅಂತ ಆಮೇಲೆ ಒಮ್ಮೆ ಸಿಕ್ಕಾಗ ಕೇಳಿದೆವು. ಅವರು ಸುಮ್ಮನೆ ನಕ್ಕರು. ಅವರ ಹೆಂಡತಿಯೇ ಹೇಳಿದರು: "ಏನ್ ಮಾಡ್ತಾರೆ ಕನಕ್ಕ, ಎದ್ದೇಳದೆ ಎರಡು ದಿನ ಮಲಗಿದ್ರು."